ಆರು ವೋಲ್ಟಿನ ಚಳಿಗಾಲ

ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ನಾವೆಲ್ಲ ನಯಾಗರಕ್ಕೋ ಗ್ರ್ಯಾಂಡ್ ಕ್ಯಾನ್ಯನ್‌ಗೋ ಕರೆದೊಯ್ಯುತ್ತೇವೆ. ನಾರ್ತ್ ಡಕೋಟಾದ ಫಾರ್ಗೋಗೆ ಮಾತ್ರ ಯಾರೂ ಪ್ರವಾಸ ಬರುವುದಿಲ್ಲ. ನಾನೂ ಬಂದದ್ದು ಹೊಟ್ಟೆಪಾಡಿಗೇ. "ಎರಡು ವರ್ಷ ಇದ್ದು ಬೆಚ್ಚಗಿನ ಊರಿಗೆ ಹೋಗೋಣ" ಎಂದು ಹೆಂಡತಿಗೆ ಕೊಟ್ಟ ಮಾತು ಇವತ್ತಿಗೂ ಬಾಕಿ ಇದೆ.

ಇದನ್ನು ರೆಡ್ ರಿವರ್ ಕಣಿವೆ ಎನ್ನುತ್ತಾರೆ. ಕಣಿವೆ ಎಲ್ಲಿದೆ ಎಂದು ನಾನು ಮೊದಲ ವಾರವಿಡೀ ಹುಡುಕಿದೆ. ಹಿಮಯುಗದ ಕೊನೆಯಲ್ಲಿ ಇಲ್ಲಿದ್ದ ಅಗಾಸಿ ಎಂಬ ದೊಡ್ಡ ಸರೋವರದ ತಳವಂತೆ ಇದು. ರೊಟ್ಟಿ ಹಂಚಿನಷ್ಟು ಸಪಾಟು. ಮಣ್ಣು ಮಾತ್ರ ನಮ್ಮ ಹಾವೇರಿ ಕಡೆಯ ಎರೆಯಂತೆ ಕಪ್ಪು. ಚಳಿಗಾಲದಲ್ಲಿ ಶುಗರ್ ಬೀಟ್ ಗಡ್ಡೆಗಳನ್ನು ಬಯಲಲ್ಲೇ ಬೆಟ್ಟದಂತೆ ಒಟ್ಟಿರುತ್ತಾರೆ. ಈ ಊರಿನ ಬೆಟ್ಟಗಳೆಂದರೆ ಅವೇ. ನಿಲ್ಲಿಸಿದ ಕಾರುಗಳ ಮೂತಿಯಿಂದ ಪ್ಲಗ್ ವೈರು ಜೋತಾಡುತ್ತಿರುತ್ತದೆ. ಎಂಜಿನ್ ಹೆಪ್ಪುಗಟ್ಟದಂತೆ ರಾತ್ರಿಯಿಡೀ ಅದಕ್ಕೆ ಕರೆಂಟಿನ ಬಿಸಿ ಕೊಡಬೇಕು. ಮೊದಲ ಸಲ ನೋಡಿದಾಗ, ಇಷ್ಟೊಂದು ಎಲೆಕ್ಟ್ರಿಕ್ ಕಾರುಗಳೇ ಎಂದು ಕೇಳಿ ನಗೆಪಾಟಲಾಗಿದ್ದೆ.

ನಮ್ಮ ಮನೆ ಪಟ್ಟಣದಿಂದ ಹೊರಗೆ. ಪಕ್ಕದಲ್ಲಿ ಎಂಬತ್ತರ ಹತ್ತಿರದ, ನಾರ್ವೇಜಿಯನ್ ಮೂಲದ ನಿವೃತ್ತ ರೈತರೊಬ್ಬರಿದ್ದರು. ಜಮೀನು ಮಾರಿಯಾಗಿತ್ತು, ತಂದೆ 1950ರಲ್ಲಿ ಕೊಂಡ ಬೂದು-ಕೆಂಪು ಬಣ್ಣದ ಫೋರ್ಡ್ 8ಎನ್ ಟ್ರ್ಯಾಕ್ಟರನ್ನು ಮಾತ್ರ ಉಳಿಸಿಕೊಂಡಿದ್ದರು. ಅದರ ಹಿಂದೆ ಬ್ಲೇಡ್ ಕಟ್ಟಿ, ತಮ್ಮ ಅಂಗಳದ ಹಿಮ ತಳ್ಳಿ, ಹಾಗೇ ನಮ್ಮದನ್ನೂ ತಳ್ಳಿಕೊಡುತ್ತಿದ್ದರು. ಕೂಲಿ, ನನ್ನವಳು ಮಾಡಿದ ಮೈಸೂರು ಪಾಕು.

ಆ ಟ್ರ್ಯಾಕ್ಟರನ್ನು ಹತ್ತಿರದಿಂದ ನೋಡಿದಾಗ ನನಗೆ ಅಚ್ಚರಿ ಕಾದಿತ್ತು. ಹಿಂದಿನ ಮೂರು ತೋಳಿನ ಕೊಂಡಿ, ನಮ್ಮ ಚಿಕ್ಕಪ್ಪನ ಮ್ಯಾಸಿ ಫರ್ಗುಸನ್ನಿನಲ್ಲಿದ್ದಂಥದ್ದೇ! ಹ್ಯಾರಿ ಫರ್ಗುಸನ್ ಕಂಡುಹಿಡಿದ ವ್ಯವಸ್ಥೆ ಅದು. 1938ರಲ್ಲಿ ಅವನೂ ಹೆನ್ರಿ ಫೋರ್ಡನೂ ಕಾಗದಪತ್ರವಿಲ್ಲದೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮುಂದೆ ಅದು ಮುರಿದು, ಕೋರ್ಟು ಕಚೇರಿಯಾಗಿ, 1952ರಲ್ಲಿ ರಾಜಿಯಾಯಿತು. 1947ರಿಂದ 1952ರವರೆಗೆ 8ಎನ್‌ಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಫರ್ಗುಸನ್ನನ ಹೆಸರು ಹೊತ್ತ ಟ್ರ್ಯಾಕ್ಟರುಗಳೋ ಮದರಾಸಿನ ಟ್ಯಾಫೆ ಕಾರ್ಖಾನೆಯಿಂದ ನಮ್ಮ ಹೊಲಗಳಿಗೂ ಬಂದವು. ಚಿಕ್ಕಪ್ಪ ಬ್ಯಾಟರಿಯನ್ನು ನಂಬುತ್ತಿರಲಿಲ್ಲ. ಸಂಜೆ ಗಾಡಿಯನ್ನು ಇಳಿಜಾರಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಬರುತ್ತಿದ್ದರು. ಬೆಳಿಗ್ಗೆ ಕಲ್ಲು ತೆಗೆದರೆ ಸ್ಟಾರ್ಟ್. ಈ ಹಂಚಿನಂಥ ನಾಡಿನಲ್ಲಿ ಇಳಿಜಾರು ಎಲ್ಲಿಂದ ತರುವುದು?

2019ರ ಜನವರಿ ಕೊನೆಯ ವಾರ ಪೋಲಾರ್ ವೋರ್ಟೆಕ್ಸ್ ಬಂದದ್ದು ಈ ಭಾಗದವರಿಗೆ ನೆನಪಿರಬಹುದು. ಫ್ಯಾರನ್‌ಹೀಟ್‌ನಲ್ಲಿ ಮೈನಸ್ 30ರ ಆಸುಪಾಸು, ಅಂದರೆ ಸೆಲ್ಸಿಯಸ್‌ನಲ್ಲಿ ಮೈನಸ್ 34. ಗಾಳಿ ತಂದು ಸುರಿದ ಹಿಮ ನಮ್ಮ ದಾರಿಯನ್ನು ಮುಚ್ಚಿತ್ತು. ನಾನು ಆನ್ ಕಾಲ್. ಆಸ್ಪತ್ರೆಯಿಂದ ಕರೆ ಬಂದಿತ್ತು. ಪಕ್ಕದ ಕೊಟ್ಟಿಗೆಯಿಂದ "ಗ...ರ್ರ್... ಗ..." ಎಂಬ ನರಳಾಟ ಕೇಳಿಸಿತು. ಓಡಿಹೋದರೆ ಹಿರಿಯರು ಕೈಯಲ್ಲಿ ಕ್ರ್ಯಾಂಕ್ ಹಿಡಿದು ಟ್ರ್ಯಾಕ್ಟರಿನ ಮುಂದೆ ಬಗ್ಗುತ್ತಿದ್ದಾರೆ. ಮೂರು ತಿಂಗಳ ಹಿಂದೆಯಷ್ಟೇ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು!

ಅವರು ನನ್ನ ರೋಗಿಯಲ್ಲ, ನೆರೆಯವರು. ಆದರೂ ಗದರಿಸಿ ಕ್ರ್ಯಾಂಕ್ ಕಿತ್ತುಕೊಂಡೆ. ಅಂಥ ಚಳಿಗೆ ರಕ್ತನಾಳಗಳು ಸಂಕುಚಿಸುತ್ತವೆ, ರಕ್ತದೊತ್ತಡ ಏರುತ್ತದೆ. ಮೇಲೆ ಈ ಶ್ರಮ ಬೇರೆ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟಿನ ಮೂಳೆ ಮುರಿಯುವುದೂ ಉಂಟು. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದುವಾಗ ಅದನ್ನು 'ಶಾಫರ್ಸ್ ಫ್ರ್ಯಾಕ್ಚರ್' ಎಂದು ಬಾಯಿಪಾಠ ಮಾಡಿದ್ದೆ, ಕಂಡಿರಲಿಲ್ಲ. "ನನ್ನಪ್ಪನಿಗೆ ಹಳೇ ಫಾರ್ಮಾಲ್ ಒದ್ದು ಹಾಗೇ ಆಗಿತ್ತು. ಬಟನ್ ಸ್ಟಾರ್ಟ್ ಇದೆ ಅಂತಲೇ ಇದನ್ನು ಕೊಂಡದ್ದು" ಎಂದರು ಅವರು ಶಾಂತವಾಗಿ.

ನನ್ನ ಜಾಣತನ ಆಮೇಲಿನದು. ಜಂಪರ್ ಕೇಬಲ್ ತಂದೆ. ಕೆಂಪನ್ನು ಪ್ಲಸ್‌ಗೆ, ಕಪ್ಪನ್ನು ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಬೇಕೆಂದು ಎಲ್ಲರಂತೆ ನಾನೂ ಕಲಿತಿದ್ದೆ. ಹಾಗೇ ಮಾಡಿದೆ. ಫಟ್! ಕೊಟ್ಟಿಗೆಯೆಲ್ಲ ಬೆಳಕು, ಹಿಡಿಕೆಯ ಹಲ್ಲುಗಳು ಕರಗಿ ಮೊಂಡಾದವು. 8ಎನ್ ಆರು ವೋಲ್ಟಿನದು, ಅದೂ ಪಾಸಿಟಿವ್ ಗ್ರೌಂಡ್; ಅದರ ಮೈಯೇ ಪ್ಲಸ್. ನಾನು ಕಾರಿನ ಬ್ಯಾಟರಿಯ ಎರಡು ತುದಿಗಳನ್ನೂ ನೇರವಾಗಿ ಒಂದಕ್ಕೊಂದು ಜೋಡಿಸಿದ್ದೆ. ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹೊತ್ತಿಕೊಂಡಿದ್ದರೆ ಆಸಿಡ್ ಇಬ್ಬರ ಕಣ್ಣಿಗೂ ಹಾರುತ್ತಿತ್ತು. ಕೊನೆಗೆ ಇನ್ನೊಬ್ಬರ ಪಿಕಪ್ ಟ್ರಕ್ಕು ದಾರಿ ತೆರೆಯಿತು. 40 ನಿಮಿಷ ತಡವಾಗಿ ಆಸ್ಪತ್ರೆ ತಲುಪಿದೆ. ಪುಣ್ಯಕ್ಕೆ, ಕಾದವರಿಗೆ ಅಪಾಯವಾಗಲಿಲ್ಲ.

ಅವತ್ತಿನಿಂದ ನನಗೆ ಈ ವೋಲ್ಟೇಜಿನ ಹುಚ್ಚು ಹಿಡಿಯಿತು. "ಹನ್ನೆರಡು ವೋಲ್ಟಿಗೆ ಬದಲಾಯಿಸಿ, ಕಾರುಗಳೆಲ್ಲ 1950ರ ದಶಕದಲ್ಲೇ ಬದಲಾದವು" ಎಂದು ನಾನು. "ಅರವತ್ತೊಂಬತ್ತು ಚಳಿಗಾಲ ಇದೇ ಆರು ವೋಲ್ಟು ನಡೆಸಿದೆ" ಎಂದು ಅವರು. ಸೆಪ್ಟೆಂಬರಿನಲ್ಲಿ ಲೇಬರ್ ಡೇ ರಜಕ್ಕೆ ಮಿನ್ನೆಸೋಟಾದ ರೋಲಾಗ್‌ನ ಹಳೇ ಉಗಿಯಂತ್ರ, ಟ್ರ್ಯಾಕ್ಟರುಗಳ ಜಾತ್ರೆಗೆ ಕರೆದೊಯ್ದರು. ಅಲ್ಲಿ ಕೇಳಿದವರೆಲ್ಲ ನಮ್ಮಂತೆಯೇ ಎರಡು ಪಂಗಡ, ದ್ವೈತ ಅದ್ವೈತದ ಹಾಗೆ. ನಡುವೆ ಎಂಟು ವೋಲ್ಟಿನ ಬ್ಯಾಟರಿ ಹಾಕಿ ಎಂಬ ವಿಶಿಷ್ಟಾದ್ವೈತಿಗಳೂ ಇದ್ದರು. ಅದಕ್ಕೆ ಹೊಂದುವಂತೆ ರೆಗ್ಯುಲೇಟರನ್ನು ತಿದ್ದಬೇಕು, ಇಲ್ಲದಿದ್ದರೆ ಬ್ಯಾಟರಿ ಎಂದೂ ಪೂರ್ತಿ ಚಾರ್ಜ್ ಆಗದು. ನನಗೇನೋ ಅದು ಎರಡೂ ಕಡೆಯ ತೊಂದರೆಯನ್ನು ಒಟ್ಟಿಗೆ ಕೊಂಡಂತೆ ಕಂಡಿತು.

ಲೆಕ್ಕ ಹೀಗಿದೆ. ಶೂನ್ಯ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್‌ನಲ್ಲಿ ಲೆಡ್-ಆಸಿಡ್ ಬ್ಯಾಟರಿಯ ಶಕ್ತಿ ಬೇಸಿಗೆಯ ಶೇಕಡ 40ರಷ್ಟಕ್ಕೆ ಇಳಿಯುತ್ತದೆ. ಎಂಜಿನ್ ಆಯಿಲ್ಲೋ ಕಾಕಂಬಿಯಂತೆ ಗಟ್ಟಿ. ತಿರುಗಿಸಲು ದುಪ್ಪಟ್ಟು ಬಲ ಬೇಕು. ಅಷ್ಟೇ ಶಕ್ತಿಯನ್ನು ಆರು ವೋಲ್ಟಿನಲ್ಲಿ ಕಳಿಸಲು ಎರಡರಷ್ಟು ಕರೆಂಟು ಹರಿಯಬೇಕು. ಆಗ ವೈರಿನಲ್ಲಿ ಸೋರುವ ವೋಲ್ಟು ಇಮ್ಮಡಿ. ಇರುವುದೇ ಅರ್ಧವಾದ್ದರಿಂದ ನಷ್ಟದ ಪಾಲು ನಾಲ್ಕು ಪಟ್ಟು. ಹನ್ನೆರಡು ವೋಲ್ಟು ಕ್ಷಮಿಸುವ ತುಕ್ಕನ್ನು ಆರು ವೋಲ್ಟು ಕ್ಷಮಿಸುವುದಿಲ್ಲ.

ಆ ಅಕ್ಟೋಬರಿನಲ್ಲಿ ಹಿರಿಯರು ಬಟನ್ ಒತ್ತಿದರು, ನಾನು ಸ್ಟೆತಸ್ಕೋಪ್ ಇಡುವಂತೆ ವೋಲ್ಟ್ ಮೀಟರ್ ಇಟ್ಟೆ. ಬ್ಯಾಟರಿಯ ಹತ್ತಿರ 5.1. ಸ್ಟಾರ್ಟರಿನ ಹತ್ತಿರ 3.6. ಒಂದೂವರೆ ವೋಲ್ಟು ದಾರಿಯಲ್ಲೇ ಮಾಯ! ಹುಡುಕಿದರೆ, ಮೊಮ್ಮಗ ಹಿಂದಿನ ವರ್ಷ ಹಾಕಿಕೊಟ್ಟದ್ದು ಹನ್ನೆರಡು ವೋಲ್ಟಿನ ಕಾರಿಗೆ ಸಾಲುವ ತೆಳು ಕೇಬಲ್ಲು. ಗ್ರೌಂಡ್ ಪಟ್ಟಿಯ ಕೆಳಗೆ ಬಣ್ಣ, ತುಕ್ಕು. ಕಾರಣ ನೋಡದೆ ಮಾತ್ರೆಯ ಡೋಸ್ ಏರಿಸಲು ಹೊರಟಿದ್ದೆ ನಾನು. ಹೆಬ್ಬೆರಳಿನಷ್ಟು ದಪ್ಪದ ಡಬಲ್ ಝೀರೋ ಕೇಬಲ್ ತರಿಸಿದೆವು, ಪಟ್ಟಿಯನ್ನು ಹೊಳೆಯುವಂತೆ ಉಜ್ಜಿದೆವು, ಆಯಿಲ್ಲನ್ನು ತೆಳುವಾದದ್ದಕ್ಕೆ ಬದಲಿಸಿದೆವು, ಆಯಿಲ್ ಪ್ಯಾನಿಗೆ ಮ್ಯಾಗ್ನೆಟ್ ಹೀಟರ್ ಅಂಟಿಸಿದೆವು. ತೀರಾ ಚಳಿಯ ರಾತ್ರಿ ಬ್ಯಾಟರಿ ಅಡುಗೆಮನೆ ಸೇರುತ್ತಿತ್ತು. ಅವರ ಹೆಂಡತಿ ಗೊಣಗುತ್ತಿದ್ದರು, ಆದರೆ ಚಾರ್ಜ್ ಇಳಿದ ಬ್ಯಾಟರಿ ಮೈನಸ್ ಏಳೆಂಟು ಸೆಲ್ಸಿಯಸ್‌ಗೇ ಹೆಪ್ಪುಗಟ್ಟಿ ಒಡೆಯುತ್ತದೆ. ಆ ಚಳಿಗಾಲ ಮೈನಸ್ 20 ಫ್ಯಾರನ್‌ಹೀಟ್‌ನಲ್ಲಿ, ಆರೇ ವೋಲ್ಟಿನಲ್ಲಿ, 8ಎನ್ ಮೂರನೇ ಸುತ್ತಿಗೆ ಕೆಮ್ಮಿ ಎದ್ದಿತು. ಹಿರಿಯರು ನನ್ನ ಕಡೆ ನೋಡಲೂ ಇಲ್ಲ. ಬ್ಲೇಡ್ ಇಳಿಸಿ ಹೊರಟರು.

ಹಾಗೆಂದು ಆರು ವೋಲ್ಟೇ ಸರಿ ಎಂದು ನಾನು ಹೇಳಲಾರೆ. ಬ್ಯಾಟರಿ ಹೊತ್ತು ತರುವ ತೋಳು, ತುಕ್ಕು ಉಜ್ಜುವ ತಾಳ್ಮೆ ಇರುವವರೆಗೆ ಸರಿ. 2021ರಲ್ಲಿ ಹಿರಿಯರು ಪಟ್ಟಣದ ವೃದ್ಧಾಶ್ರಮ ಸೇರಿದರು. ಬೆಳಗಿನ ಜಾವ ಕೆಲಸಕ್ಕೆ ಓಡುವ ಮೊಮ್ಮಗನಿಗೆ ಇವೆಲ್ಲ ಆಗದು. ಅವನು ಹನ್ನೆರಡು ವೋಲ್ಟಿನ ಬ್ಯಾಟರಿ, ಆಲ್ಟರ್ನೇಟರ್, ಕಾಯಿಲ್‌ಗೆ ರೆಸಿಸ್ಟರ್, ಹೊಸ ಬಲ್ಬುಗಳನ್ನು ಹಾಕಿ ನೆಗೆಟಿವ್ ಗ್ರೌಂಡ್‌ಗೆ ತಿರುಗಿಸಿದ. ಸ್ಟಾರ್ಟರ್ ಮಾತ್ರ ಹಳೆಯದೇ. ಬಟನ್ ಜಾಸ್ತಿ ಹೊತ್ತು ಒತ್ತಬೇಡ, ಹಲ್ಲು ಚಕ್ರ ಸವೆಯುತ್ತದೆ ಎಂದು ನಾನೇ ಎಚ್ಚರಿಸಿದೆ. ಕಪ್ಪು ಕೇಬಲ್ ಕಬ್ಬಿಣಕ್ಕೆ ಕಚ್ಚಿಸುವವರಿಗೂ ಈಗ ಅಪಾಯವಿಲ್ಲ.

ಮೊದಲ ಹಿಮ ಬಿದ್ದ ದಿನ ಫೋನಿನಲ್ಲಿ ಅಜ್ಜನಿಗೆ ಕೇಳಿಸಿದೆವು. ಮೊಮ್ಮಗ ಬಟನ್ ಒತ್ತಿದ. ನರಳಾಟವಿಲ್ಲ, "ಝುಂಯ್" ಎಂದು ಒಂದೇ ಸುತ್ತಿಗೆ ಎಂಜಿನ್ ಹೊತ್ತಿಕೊಂಡಿತು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

"ಯಾರ ಟ್ರ್ಯಾಕ್ಟರು ಅದು?" ಎಂದರು. ಮತ್ತೆ ತಡೆದು, "ಡಾಕ್ಟರ ದಾರಿ ಮೊದಲು ತೆಗೆಯಲು ಹೇಳು" ಎಂದರು.