ಮೆಲ್ಬರ್ನಿನ ಬೆಳಗು, ಹೇರೂರಿನ ಅಂಗಳ

2018ರ ಡಿಸೆಂಬರ್ 25ರ ಬೆಳಗಿನ ಜಾವ ಶಿರಸಿಯಲ್ಲಿ ಬಸ್ಸಿನಿಂದ ಇಳಿದಾಗ ಊರೇ ಕಾಣಲಿಲ್ಲ. ಮಂಜು ಅಷ್ಟು ದಟ್ಟವಾಗಿತ್ತು. ಬೀದಿದೀಪಗಳು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಮಂಕಾಗಿ ಉರಿಯುತ್ತಿದ್ದವು. ನಾನು ಚಿತ್ರದುರ್ಗದ ಕಡೆಯವನು. ಬಂಡೆ, ಬಿಸಿಲು, ದೂರದವರೆಗೂ ಕಣ್ಣಿಗೆ ಅಡ್ಡಿಯಿಲ್ಲದ ಬಯಲು ನೋಡಿ ಬೆಳೆದವನಿಗೆ ನಾಲ್ಕು ಮಾರು ಆಚೆ ಏನಿದೆಯೆಂದು ತಿಳಿಯದ ಆ ಬೆಳಗು ಮೊದಲ ಬೆರಗು. ಕಚೇರಿಗೆ ವರ್ಷದ ಕೊನೆಯ ರಜೆ. ಹೇರೂರಿನ ಗೆಳೆಯ ವರ್ಷಗಟ್ಟಲೆಯಿಂದ ಕರೆಯುತ್ತಿದ್ದ. ಬೆಂಗಳೂರಿನಿಂದ ನಾವು ಮೂವರು ಹೊರಟು ಬಂದಿದ್ದೆವು.

ಹೇರೂರಿಗೆ ಹೋಗುವ ಮುನ್ನ ಶಿರಸಿಯಲ್ಲೇ ಒಂದು ಮನೆಗೆ ಹೋಗಬೇಕು ಎಂದ ಗೆಳೆಯ. ಅವನ ಶಾಲೆಯ ಜೊತೆಗಾರನ ಮನೆ, ಕೊಂಕಣಿ ಮಾತಾಡುವ ಕ್ರೈಸ್ತರದು. ಬಾಗಿಲಲ್ಲಿ ನಕ್ಷತ್ರದ ಗೂಡುದೀಪ ಇನ್ನೂ ಆರಿರಲಿಲ್ಲ. ಮೂಲೆಯಲ್ಲಿ ಗೋದಲಿ: ಹುಲ್ಲಿನ ಚಿಕ್ಕ ಕೊಟ್ಟಿಗೆ, ಮಣ್ಣಿನ ಹಸು, ಕುರಿ, ನಡುವೆ ಅಂಗೈಯಗಲದ ಬಾಲಯೇಸು. ರಾತ್ರಿಯ ಪೂಜೆ ಮುಗಿಸಿ ಬಂದು ನಿದ್ದೆಗೆಟ್ಟಿದ್ದರೂ ಮನೆಯವರ ಮುಖದಲ್ಲಿ ದಣಿವಿರಲಿಲ್ಲ. ಹಬ್ಬದ ತಿಂಡಿಗಳಿಗೆ ಅವರು ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ತಟ್ಟೆಯಲ್ಲಿ ಕಾಯಿ ತುಂಬಿದ ನೇವ್ರಿ, ಚಿಪ್ಪಿನಂತೆ ಸುರುಳಿಯಾದ ಕುಲಕುಲ, ಚಕ್ಕುಲಿ. ಅದರ ಪಕ್ಕ ಬೇರೆಯೇ ತಟ್ಟೆಯಲ್ಲಿ ಒಂದು ಪುಟ್ಟ ಕೇಕು. “ಇದಕ್ಕೆ ಮೊಟ್ಟೆ ಹಾಕಿಲ್ಲ ಮಗಾ, ನಿನಗೇ ಅಂತ ಮಾಡಿದ್ದು” ಎಂದರು ಜೊತೆಗಾರನ ತಾಯಿ ನನ್ನ ಗೆಳೆಯನಿಗೆ. ಅವನು ಏಳನೇ ಇಯತ್ತೆಯಲ್ಲಿದ್ದಾಗಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ಆ ಮನೆಯಲ್ಲಿ ಮೊಟ್ಟೆಯಿಲ್ಲದ ಒಂದು ಕೇಕು ಬೇಯುತ್ತದಂತೆ. ಅವನು ಬಾರದ ವರ್ಷವೂ.

ಮಧ್ಯಾಹ್ನದ ಬಸ್ಸಿನಲ್ಲಿ ಹೇರೂರಿನ ಕಡೆ ಹೊರಟೆವು. ಪೇಟೆ ಮುಗಿದದ್ದೇ ಹಾದಿ ಕಿರಿದಾಯಿತು. ಹೇರೂರು ಸಿದ್ದಾಪುರ ತಾಲೂಕಿನ ಊರು. ಊರು ಎಂದರೆ ನನ್ನ ಕಣ್ಣಿಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಇಲ್ಲಿ ಮನೆಗಳು ಮರಗಳ ಹಿಂದೆ ಅಡಗಿವೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ದಿಬ್ಬ ಹತ್ತಬೇಕು, ಒಂದು ಸಂಕ ದಾಟಬೇಕು. ತಗ್ಗಿನಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ‘ಬೆಟ್ಟ’ ಎಂದರೆ ಇಲ್ಲಿ ಗುಡ್ಡವಷ್ಟೇ ಅಲ್ಲ, ತೋಟದವರಿಗೆ ಸೊಪ್ಪು ಸವರಿಕೊಳ್ಳಲು ಬಿಟ್ಟ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ ಎಂದು ಗೆಳೆಯನ ಅಪ್ಪಯ್ಯ ವಿವರಿಸಿದರು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಒಂದು ಎಕರೆಯ ಹಸಿರಿಗೆ ಒಂಬತ್ತು ಎಕರೆ ಕಾಡಿನ ಬೆನ್ನು! ನಾನು ಅಡಿಕೆಯನ್ನು ತಾಂಬೂಲದ ತಟ್ಟೆಯಲ್ಲಿ ಮಾತ್ರ ಕಂಡವನು. ಆ ಚೂರಿನ ಹಿಂದೆ ಇಷ್ಟು ಕಾಡು ನಿಂತಿರುತ್ತದೆಂದು ಊಹಿಸಿರಲಿಲ್ಲ.

“ಬನ್ನಿ, ಬನ್ನಿ. ಕೈಕಾಲು ತೊಳ್ಕೊಳ್ಳಿ. ಆಸರಿಗೆ ಎಂತ ಬೇಕು?” ಎಂದು ಗೆಳೆಯನ ತಾಯಿ, ಆಯಿ, ಕೇಳಿದಾಗ ನಾನು ಗೆಳೆಯನ ಮುಖ ನೋಡಿದೆ. ಆಸರಿ ಎಂದರೆ ಬಾಯಾರಿಕೆಗೆ ಕುಡಿಯಲು ಕೊಡುವುದು. ದಾರಿಯ ದಣಿವು ಮೊದಲು ತೀರಲಿ, ಸುದ್ದಿ ಆಮೇಲೆ. ಕೊತ್ತಂಬರಿ, ಜೀರಿಗೆಯ ಬಿಸಿ ಕಷಾಯ ಬಂತು. ಮುಂದಿನ ಐದು ದಿನ ಯಾವ ಮನೆಯ ಮೆಟ್ಟಿಲು ಹತ್ತಿದರೂ ಇದೇ ಮೊದಲ ಮಾತು.

ನಾವು ರಜೆಗೆ ಬಂದಿದ್ದೆವು. ಅವರಿಗೆ ಅದು ವರ್ಷದಲ್ಲೇ ಬಿಡುವಿಲ್ಲದ ಕಾಲ ಎಂಬುದು ಅಂಗಳಕ್ಕೆ ಕಾಲಿಟ್ಟಾಗ ಗೊತ್ತಾಯಿತು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ. ತೋಟದಲ್ಲಿ ಕೊನೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿದ್ದ. ಒಂದು ಮರದ ಕೊನೆ ಕೊಯ್ದು ಹಗ್ಗದಲ್ಲಿ ಕೆಳಗೆ ಜಾರಿಬಿಟ್ಟ, ಕೆಳಗೆ ನಿಂತವನು ಹಗ್ಗ ಜಗ್ಗಿ ಹಿಡಿದು ಒಂದು ಕಾಯಿಯೂ ಚೆದುರದಂತೆ ಇಳಿಸಿಕೊಂಡ. ಆಮೇಲೆ ಮೇಲಿನವನು ಕೆಳಗಿಳಿಯಲೇ ಇಲ್ಲ. ತಾನಿದ್ದ ಮರವನ್ನು ತೂಗಿಸಿ, ಪಕ್ಕದ ಮರವನ್ನು ಹಿಡಿದು, ಅತ್ತ ದಾಟಿಬಿಟ್ಟ. ನನ್ನ ಉಸಿರು ನಿಂತಿತು. ಅಷ್ಟು ಎತ್ತರದಲ್ಲಿ, ತೊಡೆಯಷ್ಟೂ ದಪ್ಪವಿಲ್ಲದ ಮರದ ತುದಿಯಲ್ಲಿ, ಆತ ಕೆಳಗಿನವನೊಡನೆ ಯಾರದೋ ಮದುವೆಯ ಸುದ್ದಿ ಮಾತಾಡುತ್ತಿದ್ದ.

ಮಾರನೆಯ ದಿನ ನಮ್ಮ ಬೆಳಿಗ್ಗೆ ಐದಕ್ಕೆ ಮೆಲ್ಬರ್ನಿನಲ್ಲಿ ಭಾರತ, ಆಸ್ಟ್ರೇಲಿಯ ನಡುವಿನ ಬಾಕ್ಸಿಂಗ್ ಡೇ ಟೆಸ್ಟ್. ನಾವು ನಾಲ್ಕೂವರೆಗೆ ಗಡಿಯಾರ ಇಟ್ಟುಕೊಂಡು, ಮನೆಯವರಿಗೆ ತೊಂದರೆಯಾಗದಂತೆ ಮೆಲ್ಲಗೆ ಎದ್ದು ಬಂದರೆ ಜಗಲಿಯಲ್ಲಿ ದೀಪ! ಅಂಗಳದ ಮೇಲೆ ದಬ್ಬೆಯ ಅಟ್ಟ, ಅದರಡಿ ಸಾಲಾಗಿ ಮೆಟ್ಟುಗತ್ತಿಗಳು, ಎಂಟು ಹತ್ತು ಮಂದಿ ಆಗಲೇ ಕುಳಿತು ಅಡಿಕೆ ಸುಲಿಯುತ್ತಿದ್ದಾರೆ. ಟಿವಿಯನ್ನು ಅಂಗಳಕ್ಕೆ ಮುಖ ಮಾಡಿ ಜಗಲಿಗೆ ತಂದಿಟ್ಟಾಗಿದೆ. ಗೆಳೆಯನ ಅಜ್ಜ ಕಂಬಳಿ ಹೊದ್ದು ಮೊದಲ ಸಾಲಿನಲ್ಲಿ ಕೂತಿದ್ದಾರೆ. ಆಚೆ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಚೊಗರಿನ ಒಗರುಗಂಪು ಮಂಜಿನಲ್ಲಿ ಸೇರಿಕೊಂಡಿದೆ.

“ಟಾಸ್ ನಮ್ದೇ” ಎಂದರು ಅಜ್ಜ. ಬೆಂಗಳೂರಿನ ಮಯಂಕ್ ಅಗರ್ವಾಲ್‌ಗೆ ಅದು ಮೊದಲ ಟೆಸ್ಟ್. ಹಿಂದಿನ ವರ್ಷದ ನವೆಂಬರ್ ಒಂದೇ ತಿಂಗಳಲ್ಲಿ ರಣಜಿಯಲ್ಲಿ ಸಾವಿರಕ್ಕೂ ಹೆಚ್ಚು ರನ್ ಹೊಡೆದು, ಕಾದು ಕಾದು ಒಳಗೆ ಬಂದ ಹುಡುಗ. ಅಷ್ಟು ದೊಡ್ಡ ಮೈದಾನದಲ್ಲಿ ಆತ ಗಾರ್ಡ್ ತೆಗೆದುಕೊಂಡಾಗ ಹೇರೂರಿನ ಅಂಗಳದಲ್ಲಿ ಕತ್ತಿಗಳ ಸದ್ದು ಒಂದು ಗಳಿಗೆ ನಿಂತಿತು. ಚೆಂಡು ಬ್ಯಾಟಿಗೆ ತಾಗಿದ ಮೇಲೆ ಮತ್ತೆ ಶುರುವಾಯಿತು.

ನನಗೆ ಹೊಳೆದದ್ದು ಆಗಲೇ. ನಗರದಲ್ಲಿ ಟೆಸ್ಟ್ ಪಂದ್ಯ ನೋಡುವುದಕ್ಕೆ ನಮಗೆ ಹೊತ್ತೇ ಇಲ್ಲ. ಮೊಬೈಲಿನಲ್ಲಿ ಸ್ಕೋರು ಇಣುಕಿ ಮುಚ್ಚುತ್ತೇವೆ. ಈ ಅಂಗಳದಲ್ಲಿ ಟೆಸ್ಟ್ ಪಂದ್ಯಕ್ಕೆ ತಕ್ಕ ಹೊತ್ತು ಇದೆ. ಅಡಿಕೆ ಸುಲಿಯುವವರ ಕಣ್ಣು ಯಾವಾಗಲೂ ಪರದೆಯ ಮೇಲಿರುವುದಿಲ್ಲ, ಕಿವಿ ಇರುತ್ತದೆ. ವೀಕ್ಷಕ ವಿವರಣೆಯ ದನಿ ಏರಿದರೆ ತಲೆಯೆತ್ತುತ್ತಾರೆ. ಹನುಮ ವಿಹಾರಿ 66 ಚೆಂಡು ಎದುರಿಸಿ 8 ರನ್ ಮಾಡಿದ್ದು ಇಲ್ಲಿ ಯಾರಿಗೂ ಬೇಸರ ತರಲಿಲ್ಲ. “ಹೊಸ ಚೆಂಡು ಹಳೇದು ಮಾಡ್ಕೊಟ್ಟ” ಎಂದರು ಅಪ್ಪಯ್ಯ, ಒಳ್ಳೆಯ ಆಳಿನ ಕೆಲಸ ಮೆಚ್ಚುವ ದನಿಯಲ್ಲಿ.

ಏಳು ಗಂಟೆಗೆ ಅಲ್ಲಿ ಊಟದ ವಿರಾಮ, ಇಲ್ಲಿ ತೆಳ್ಳೇವು. ಕಾಗದದಷ್ಟು ತೆಳುವಾದ ದೋಸೆ, ಮೇಲೆ ಜೋನಿಬೆಲ್ಲ, ತುಪ್ಪ. ಒಂಬತ್ತೂ ನಲವತ್ತಕ್ಕೆ ಅಲ್ಲಿ ಚಹಾ, ಇಲ್ಲಿ ಕಷಾಯ. ಹನ್ನೆರಡರ ಸುಮಾರಿಗೆ ಅಲ್ಲಿ ಬೇಲ್ಸ್ ತೆಗೆದರೆ ಇಲ್ಲಿ ಬಚ್ಚಲ ಹಂಡೆಯ ಬಿಸಿನೀರು, ಆಮೇಲೆ ಬಾಳೆಯೆಲೆ. ಸಾವಿರಾರು ಮೈಲಿ ಆಚೆಯ ಮೈದಾನದ ದಿನಚರಿಗೂ ಈ ಮನೆಯ ದಿನಚರಿಗೂ ಇಷ್ಟು ಹೊಂದಿಕೆ ಹೇಗೆ ಬಂತೋ.

ಮಯಂಕ್ ಚಹಾಕ್ಕೆ ಸ್ವಲ್ಪ ಮುಂಚೆ 76ಕ್ಕೆ ಔಟಾದಾಗ ಸುಲಿಯುತ್ತಿದ್ದ ಹಿರಿಯ ಹೆಂಗಸೊಬ್ಬರು “ಅಯ್ಯೋ ತಮಾ, ಇನ್ನೊಂದು ಸ್ವಲ್ಪ ನಿಲ್ಬೇಕಿತ್ತು” ಎಂದು ನಿಟ್ಟುಸಿರಿಟ್ಟರು. ಆಸ್ಟ್ರೇಲಿಯದಲ್ಲಿ ಮೊದಲ ಟೆಸ್ಟ್ ಆಡಿದ ಭಾರತೀಯರಲ್ಲಿ ಅದುವರೆಗಿನ ದೊಡ್ಡ ಮೊತ್ತ 1947ರಲ್ಲಿ ದತ್ತು ಫಡ್ಕರ್ ಹೊಡೆದ 51. ಎಪ್ಪತ್ತೊಂದು ವರ್ಷದ ಮೇಲೆ ಅದನ್ನು ನಮ್ಮ ಹುಡುಗ ದಾಟಿದ್ದ.

ಅಂದು ಅಜ್ಜ ಹಳೆಯದನ್ನು ತೆಗೆದರು. ಮೆಲ್ಬರ್ನ್ ಅವರಿಗೆ ಪರವೂರಲ್ಲ. 1977ರ ಡಿಸೆಂಬರ್ 30ಕ್ಕೆ ಶುರುವಾದ ಟೆಸ್ಟು; ಆಗಲೂ ಇದೇ ಅಂಗಳ, ಇದೇ ಸುಲಿತ, ಲಾಟೀನಿನ ಬೆಳಕು, ಕಂಬಕ್ಕೆ ನೇತುಹಾಕಿದ ರೇಡಿಯೊ. ಭಾಗವತ್ ಚಂದ್ರಶೇಖರ್ ಎರಡೂ ಇನ್ನಿಂಗ್ಸಿನಲ್ಲಿ 52 ರನ್ನಿಗೆ 6 ವಿಕೆಟ್. ಒಮ್ಮೆ 52ಕ್ಕೆ 6, ಮತ್ತೂ 52ಕ್ಕೆ 6! ಪೋಲಿಯೊ ಬಡಿದು ಸಣಕಲಾದ ಬಲಗೈಯಲ್ಲೇ ಅಷ್ಟೂ ಎಸೆದದ್ದು. ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊದಲ ಗೆಲುವು ಅದೇ. ಆಮೇಲೆ 1981ರ ಫೆಬ್ರುವರಿಯಲ್ಲಿ ಅದೇ ಮೈದಾನದಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ 114. ಕೊನೆಗೆ ಕಪಿಲ್ ದೇವ್ 28ಕ್ಕೆ 5 ಕಿತ್ತು ಗೆಲ್ಲಿಸಿದ್ದು. ಅಜ್ಜ ಅಂಕಿಗಳನ್ನು ನೆನಪಿಸಿಕೊಳ್ಳುವುದಿಲ್ಲ, ಆ ವರ್ಷದ ಬೆಳೆಯನ್ನು ನೆನಪಿಸಿಕೊಳ್ಳುತ್ತಾರೆ, ಅಂಕಿಗಳು ಅದರ ಜೊತೆಗೆ ಬರುತ್ತವೆ. “ಆ ವರ್ಷ ಕೊಳೆರೋಗ ಬಂದು ಅರ್ಧ ಬೆಳೆ ಹೋಗಿತ್ತು. ಚಂದ್ರಶೇಖರ್ ಆಗ ಸ್ವಲ್ಪ ಸಮಾಧಾನ ಕೊಟ್ಟ” ಎಂದರು. ಆಟಗಾರನ ಬಗ್ಗೆ ಇದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಮಧ್ಯಾಹ್ನಗಳು ನಮ್ಮವು. ಒಂದು ದಿನ ಹೆಗ್ಗರಣೆ ದಾಟಿ ಉಂಚಳ್ಳಿಗೆ ಹೋದೆವು. ಕಾಡುದಾರಿಯಲ್ಲಿ ಮೊದಲು ಸದ್ದು ಬಂತು, ಜಲಪಾತ ಆಮೇಲೆ. ಕಿವಿ ಕೆಪ್ಪಾಗಿಸುವ ಈ ಸದ್ದಿಗೇ ಇಲ್ಲಿನವರು ಇದನ್ನು ಕೆಪ್ಪಜೋಗ ಎನ್ನುವುದು. ಶಿರಸಿಯ ಬಳಿ ಶಂಕರಹೊಂಡದಲ್ಲಿ ಹುಟ್ಟಿದ ಅಘನಾಶಿನಿ ಇಲ್ಲಿ 116 ಮೀಟರ್ ಧುಮುಕುತ್ತದೆ. ಆಮೇಲೆ ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಕುಮಟಾದ ಕಡೆಗೆ ಹರಿದು ಕಡಲು ಸೇರುತ್ತದೆ. ಕಣಿವೆಯಿಂದ ಮೇಲೆದ್ದ ನೀರಹೊಗೆಗೆ ಇಳಿಬಿಸಿಲು ಬಿದ್ದು ಕಾಮನಬಿಲ್ಲು ಮೂಡಿತ್ತು. ನಮ್ಮ ಕಾಲಿಗಿಂತ ಕೆಳಗೆ! ಕಾಮನಬಿಲ್ಲನ್ನು ಬಗ್ಗಿ ನೋಡಿದ್ದು ಜೀವನದಲ್ಲಿ ಅದೊಂದೇ ಸಲ. ಸುತ್ತಲಿನ ಕಾಡು ಸಿಂಗಳೀಕಗಳದು. 2011ರಲ್ಲಿ ಅವುಗಳಿಗಾಗಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ನಮಗೆ ಒಂದೂ ಕಾಣಲಿಲ್ಲ. ಮೇಲಿನ ಕೊಂಬೆಯೊಂದು ಗಾಳಿಯಿಲ್ಲದೆ ಅಲ್ಲಾಡಿತು, ಅಷ್ಟೇ.

ಇನ್ನು ಸಂಜೆಯ ಹೊರಗೂಟದ ಮಾತು. ಬೆಂಗಳೂರಿನಲ್ಲಿ ಹೊರಗೆ ಊಟ ಎಂದರೆ ಹೋಟೆಲು ಹುಡುಕುವುದು. ಹೇರೂರಿನಲ್ಲಿ ಹೊರಗೆ ಊಟ ಎಂದರೆ ಟಾರ್ಚು ಹಿಡಿದು ತೋಟ ದಾಟಿ ಇನ್ನೊಬ್ಬರ ಮನೆಗೆ ಹೋಗುವುದು. ಮೊದಲ ರಾತ್ರಿಯೇ ಪಕ್ಕದ ಮನೆಯವರು ಬಂದು “ನಾಳೆ ರಾತ್ರಿ ನಮ್ಮಲ್ಲಿ” ಎಂದು ಹೇಳಿಹೋಗಿದ್ದರು, ಅಲ್ಲಿ ಉಣ್ಣುವಾಗ ಮೇಲಿನ ಮನೆಯವರು ಮರುದಿನಕ್ಕೆ ಕರೆದರು. ಒಂದೆಲಗದ ತಂಬುಳಿ, ಬಾಳೆಕಾಯಿ ಪಲ್ಯ, ಲೋಟ ಲೋಟ ಅಪ್ಪೆಹುಳಿ. ಅಪ್ಪೆಹುಳಿ ಕುಡಿದವನಿಗೆ ನಿದ್ದೆಯ ಚಿಂತೆಯಿಲ್ಲ ಎಂದು ಬಡಿಸುವವರು ಮೊದಲೇ ಎಚ್ಚರಿಸಿದ್ದರು, ಹಾಗೇ ಆಯಿತು. ಒಂದು ಮನೆಯಲ್ಲಿ ಅಮ್ಮ ನಮಗಾಗಿ ಒಲೆಯ ಮೇಲೆ ಮಡಕೆ ಬೋರಲು ಹಾಕಿ ತೊಡೆದೇವು ಮಾಡಿ ತೋರಿಸಿದರು. ಇಲ್ಲಿ ಅಮ್ಮ ಎಂದರೆ ಅಜ್ಜಿ. ಕಬ್ಬಿನಹಾಲು ಬೆರೆಸಿದ ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ, ಕಾದ ಮಡಕೆಯ ಬೆನ್ನ ಮೇಲೆ ಒಂದು ಸಲ ಎಳೆದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಾಳೆಯೊಂದು ಎದ್ದು ಬಂತು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ! ಬಿಸಿಯಿರುವಾಗಲೇ ಮಡಚಬೇಕು, ಒಂದು ಗಳಿಗೆ ತಡವಾದರೆ ಮುರಿಯುತ್ತದೆ. ಎಪ್ಪತ್ತು ದಾಟಿದ ಆ ಬೆರಳುಗಳು ಒಮ್ಮೆಯೂ ತಡಮಾಡಲಿಲ್ಲ.

ಟೆಸ್ಟಿನ ಮೂರನೆಯ ದಿನ ಬೆಳಿಗ್ಗೆ ಬೂಮ್ರಾ ಶಾನ್ ಮಾರ್ಷ್‌ಗೆ ನಿಧಾನದ ಯಾರ್ಕರ್ ಹಾಕಿ ಕಾಲಿಗೆ ಹೊಡೆದ ಗಳಿಗೆಯಲ್ಲೇ ಅಂಗಳಕ್ಕೆ ಅಂಗಳವೇ ಎದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಕರೆಂಟು ಹೋಯಿತು. ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಗೆಳೆಯ ಸ್ಥಿರ ದೂರವಾಣಿಯಿಂದ ಶಿರಸಿಯ ಆ ಕೇಕಿನ ಮನೆಗೆ ಕರೆ ಮಾಡಿದ. ಅಲ್ಲಿಂದ ಅವರು ಹೇಳುವುದು, ಇವನು ಜಗಲಿಗೆ ಕೂಗುವುದು, ಅಪ್ಪಯ್ಯ ಅಂಗಳಕ್ಕೆ ದಾಟಿಸುವುದು, ಅಲ್ಲಿಂದ ಒಬ್ಬ ಹುಡುಗ ತೋಟಕ್ಕೆ ಓಡಿ ಮರದ ತುದಿಗೆ ಮುಟ್ಟಿಸುವುದು. ಆಸ್ಟ್ರೇಲಿಯ 151ಕ್ಕೆ ಮುಗಿಯಿತು, ಬೂಮ್ರಾ 33ಕ್ಕೆ 6 ಎಂಬ ಸುದ್ದಿ ಹೀಗೆ ಕೈಯಿಂದ ಕೈಗೆ ದಾಟಿ ಅಡಿಕೆ ಮರ ಹತ್ತಿತು. ಮೇಲಿನಿಂದ ಕೊನೆಗೌಡನ “ಹೋ!” ಎಂಬ ಕೂಗು ಕೇಳಿದಾಗ ನನಗೆ ಮೈಯೆಲ್ಲ ಜುಮ್ಮೆಂದಿತು.

30ರಂದು ಕೊನೆಯ ದಿನ. ಎರಡೇ ವಿಕೆಟ್ ಬೇಕು, ಮೆಲ್ಬರ್ನಿನಲ್ಲಿ ಮಳೆ. ಇಲ್ಲಿ ಆಕಾಶ ತಿಳಿಯಾಗಿತ್ತು. ಅಂಗಳದವರೆಲ್ಲ ಸುಲಿಯುತ್ತಲೇ ಆ ಊರಿನ ಮಳೆ ನಿಲ್ಲುವುದನ್ನು ಕಾದರು. ಮಳೆಗೆ ಕಾಯುವುದು, ಮಳೆ ನಿಲ್ಲಲು ಕಾಯುವುದು, ಎರಡೂ ಅವರಿಗೆ ರೂಢಿ. ತೆಳ್ಳೇವು ಮುಗಿದ ಮೇಲೆ ಆಟ ಶುರುವಾಯಿತು. ಐದು ಓವರ್ ಕೂಡ ಬೇಕಾಗಲಿಲ್ಲ. ಬೂಮ್ರಾ ಕಮಿನ್ಸ್‌ನನ್ನು ತೆಗೆದ, ಇಶಾಂತ್ ಲಯನ್‌ನನ್ನು. 137 ರನ್ನಿನ ಗೆಲುವು, ಭಾರತದ 150ನೆಯ ಟೆಸ್ಟ್ ಗೆಲುವು. ಅಜ್ಜ ಕಂಬಳಿ ಸರಿಸಿ ಎದ್ದರು, ಆಯಿ ಒಳಗಿನಿಂದ ಬೆಲ್ಲ ತಂದು ಎಲ್ಲರ ಕೈಗೂ ಒಂದೊಂದು ತುಣುಕು ಹಾಕಿದರು. ಮಂಜು ಕರಗಿ ಅಟ್ಟದ ಮೇಲಿನ ಕೆಂಪಡಿಕೆಗೆ ಮೊದಲ ಬಿಸಿಲು ಬಿದ್ದಿತ್ತು.

ಅಪ್ಪಯ್ಯ ಟಿವಿಯ ತಂತಿ ಸುತ್ತುತ್ತ ಮಗನನ್ನು ಕೇಳಿದರು: “ಸಿಡ್ನಿ ಟೆಸ್ಟ್ ಯಾವಾಗ್ಲೋ ತಮಾ?”

“ಮೂರನೇ ತಾರೀಖು.”

“ಅಡ್ಡಿಲ್ಲೆ. ಹಂಗಾದ್ರೆ ಮೇಲಿನ ತೋಟದ ಕೊನೆ ಅವತ್ತಿಗೆ ಇಟ್ಕಂಬ.”