ಊರಿನ ಋಣ

ಕೃತಜ್ಞತೆ ಎಂಬ ಪದವನ್ನು ನಾವು ಸಭೆಗಳ ವಂದನಾರ್ಪಣೆಗೆ ಮೀಸಲಾಗಿಟ್ಟಿದ್ದೇವೆ. ಪದದ ಅರ್ಥವಾದರೋ ಗಂಭೀರವಾದುದು. ಕೃತವನ್ನು, ಎಂದರೆ ನಮಗಾಗಿ ಇತರರು ಮಾಡಿದುದನ್ನು, ಅರಿತವನು ಕೃತಜ್ಞ. ಹೊಗಳಿಕೆಗಿಂತ ಅರಿವಿಗೇ ಅಲ್ಲಿ ಪ್ರಾಧಾನ್ಯ. ತಾಯಿ, ತಂದೆ, ಗುರುಗಳ ಉಪಕಾರವನ್ನು ನೆನೆಯಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಾವು ಬಾಳುತ್ತಿರುವ ಊರಿನ ಉಪಕಾರ? ಊರಿನ ಮಾತು ಬಂದೊಡನೆ ನಮ್ಮ ನಾಲಗೆಯ ಮೇಲೆ ಬರುವುದು ದೂರುಗಳೇ.

ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಉದ್ಯೋಗವನ್ನರಸಿ ನಾನು ಆನೇಕಲ್ ತಾಲ್ಲೂಕಿಗೆ ಬಂದು ಮೂವತ್ತು ವರ್ಷಗಳು ಸಂದಿವೆ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದು ಸಂಸಾರ ನಡೆಸಿದೆ, ಮಕ್ಕಳನ್ನು ಓದಿಸಿದೆ, ಆನೇಕಲ್ ಪಟ್ಟಣದಲ್ಲಿ ಚಿಕ್ಕದೊಂದು ಮನೆಯನ್ನೂ ಕಟ್ಟಿಕೊಂಡೆ. ನನ್ನಂತೆ ಬಂದು ನೆಲೆಸಿದವರು ಸಾವಿರಾರು ಮಂದಿ. ನಿಮ್ಮ ಊರು ಯಾವುದೆಂದು ಕೇಳಿದರೆ ಅವರೆಲ್ಲರೂ ಹೇಳುವುದು ಬಿಟ್ಟುಬಂದ ಊರಿನ ಹೆಸರನ್ನು. ಅನ್ನ ಇಲ್ಲಿಯದು, ಅಭಿಮಾನ ಅಲ್ಲಿಯದು.

ದೂರುಗಳೇನೂ ಸುಳ್ಳಲ್ಲ. ಹೊಸೂರು ರಸ್ತೆಯ ವಾಹನದಟ್ಟಣೆಯನ್ನು ವರ್ಣಿಸಬೇಕಾಗಿಲ್ಲ. ಆಕಾಶದಿಂದ ಸುರಿಯುವ ಆನೆಕಲ್ಲಿನಿಂದಲೇ ಈ ಊರಿಗೆ ಹೆಸರು ಬಂದಿತೆಂದು ಹೇಳುವುದುಂಟು. ಬೇಸಿಗೆಯಲ್ಲಿ ಆ ಊರಿನ ಹಲವು ಮನೆಗಳು ಇಂದು ಟ್ಯಾಂಕರ್ ನೀರನ್ನು ಕೊಂಡು ಬಾಳುತ್ತಿವೆ. ಚಂದಾಪುರ ಕೆರೆಯ ಮಾಲಿನ್ಯದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೨೨ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ ೫೦೦ ಕೋಟಿ ರೂಪಾಯಿಗಳನ್ನು ಪರಿಹಾರವಾಗಿ ತೆಗೆದಿರಿಸುವಂತೆ ಆದೇಶಿಸಿತು. ೨೦೨೩ರ ಅಕ್ಟೋಬರ್ ೭ರಂದು ಅತ್ತಿಬೆಲೆಯ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಸತ್ತವರಲ್ಲಿ ಹಲವರು ಹಬ್ಬದ ದಿನಗಳ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರು. ಇಂಥ ಊರಿಗೆ ಕೃತಜ್ಞರಾಗಿರಿ ಎನ್ನುವುದು ಕಣ್ಣು ಮುಚ್ಚಿಕೊಳ್ಳಿ ಎಂದಂತಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ.

ಉತ್ತರಕ್ಕೆ ಮೊದಲು ಊರು ಕೊಟ್ಟುದರ ಲೆಕ್ಕವನ್ನೂ ನೋಡಬೇಕು. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಅದರ ಮೊದಲ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗಾ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ ಹಾಗೂ ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶಗಳೂ ಸೇರಿ ಎಷ್ಟು ಮನೆಗಳ ಒಲೆಗಳು ಉರಿದವು! ೨೦೨೫ರ ಆಗಸ್ಟ್‌ನಲ್ಲಿ ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ೧೯ ಕಿಲೋಮೀಟರಿನ ಮೆಟ್ರೋ ಮಾರ್ಗ ತೆರೆಯಿತು. ಇವೆಲ್ಲ ತಾವಾಗಿಯೇ ಮೊಳೆತುವಲ್ಲ. ಪ್ರತಿಯೊಂದರ ಅಡಿಯಲ್ಲಿಯೂ ಯಾರೋ ಉತ್ತ ಹೊಲವಿದೆ, ಯಾರದೋ ಬೆವರಿದೆ.

ಆ ‘ಯಾರೋ’ ಯಾರೆಂಬುದು ೨೦೨೦ರಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿತು. ನಮ್ಮ ಹಿಂದಿನ ಬೀದಿಯ ಒಂದೇ ಕೋಣೆಯಲ್ಲಿ ಒಡಿಶಾದ ನಾಲ್ವರು ಯುವಕರು ಬಾಡಿಗೆಗಿದ್ದರು. ಮೇ ತಿಂಗಳಲ್ಲಿ ಊರಿಗೆ ರೈಲು ದೊರೆಯುವುದೆಂಬ ಸುದ್ದಿ ಕೇಳಿ ಅವರು ಗಂಟು ಕಟ್ಟಿದರು. ಹೊರಡುವಾಗ ಅವರಲ್ಲೊಬ್ಬನು ಕೋಣೆಯ ಬೀಗದ ಕೈಯನ್ನು ನನ್ನ ಕೈಗಿತ್ತು, ಡಬ್ಬದಲ್ಲಿ ಬೆಳೆಸಿದ್ದ ಮೆಣಸಿನ ಗಿಡವನ್ನು ತೋರಿಸಿ, ‘ಸಾರ್, ನೀರು ಹಾಕಿ’ ಎಂದನು. ಅವರು ಹೋದ ಮೇಲೆ ಕಾರ್ಖಾನೆಯ ಯಂತ್ರಗಳು ನಡೆಯಲಿಲ್ಲ. ಎದುರಿನ ಮನೆಯ ಗೋಡೆ ಅರ್ಧಕ್ಕೇ ನಿಂತಿತು. ಬೀದಿ ಗುಡಿಸುವ ಪೌರಕಾರ್ಮಿಕ ತಾಯಂದಿರು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಊರೆಂದರೆ ಕಟ್ಟಡಗಳ ರಾಶಿಯಲ್ಲ, ಇವರೇ ಊರು ಎಂಬುದು ಆ ನಿಶ್ಶಬ್ದದಲ್ಲಿ ತಿಳಿಯಿತು. ದೀಪಾವಳಿಯ ಹೊತ್ತಿಗೆ ಆ ಹುಡುಗನು ಮರಳಿದಾಗ ಗಿಡವು ಕಾಯಿ ಬಿಟ್ಟಿತ್ತು.

ಇದನ್ನು ಅರಿತವನಿಗೆ ಕೃತಜ್ಞತೆ ಬೇರೆ, ಕಳವಳ ಬೇರೆ ಎಂಬ ಭೇದ ಉಳಿಯದು. ಕೆರೆಯ ವಿಷವನ್ನು ಮೊದಲು ಉಣ್ಣುವವರು ಊರನ್ನು ಕಟ್ಟಿದವರೇ. ಅತ್ತಿಬೆಲೆಯಲ್ಲಿ ಬೆಂದ ಹುಡುಗರು ನಮ್ಮ ಹಬ್ಬಕ್ಕಾಗಿಯೇ ದುಡಿಯುತ್ತಿದ್ದರು. ಉಪಕಾರವನ್ನು ಕಂಡು ಉಪಕಾರಿಯ ನೋವನ್ನು ಕಾಣದಿದ್ದರೆ ಆ ಅರಿವು ಅರೆಯಾದುದು. ಹಾಗೆಯೇ, ನೋವನ್ನಷ್ಟೇ ಹೇಳಿ ಉಪಕಾರವನ್ನು ಮರೆತವನು ಊರನ್ನು ಬೈಯುವನೇ ಹೊರತು ಅದರ ಏಳಿಗೆಗೆ ಕೈ ಹಾಕಲಾರನು.

ನಮ್ಮ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಆಚಾರವಿದೆ. ಸೋಸುವುದರೊಡನೆ ಆಚಾರ ಮುಗಿಯದು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ನೀರು ತಂದ ಬಾವಿಗೇ ಮೆಲ್ಲನೆ ಮರಳಿಸಬೇಕು. ಎಲ್ಲಿಂದ ಪಡೆದೆವೋ ಅಲ್ಲಿಯ ಬಾಳಿಗೆ ಕೇಡಾಗಬಾರದು ಎಂಬುದೇ ಅದರ ತಾತ್ಪರ್ಯ. ನಲ್ಲಿಯ ಹಾಗೂ ಟ್ಯಾಂಕರಿನ ನೀರಿಗೆ ಬಾವಿ ಯಾವುದು? ನಮ್ಮ ಪಾಲಿಗೆ ಊರೇ ಬಾವಿ. ನೀರು, ಅನ್ನ, ವಿದ್ಯೆ, ವ್ಯಾಪಾರ ಎಲ್ಲವನ್ನೂ ಅದರಿಂದಲೇ ಸೇದಿಕೊಂಡಿದ್ದೇವೆ. ಮರಳಿಸಿದುದೆಷ್ಟು ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಮರಳಿಸುವ ದಾರಿಗಳು ದೊಡ್ಡವಾಗಿರಬೇಕಿಲ್ಲ. ಬಸದಿಯ ಮಾಡಿನಿಂದ ಸುರಿಯುವ ಮಳೆನೀರು ಚರಂಡಿಗೆ ಹರಿಯದೆ ಇಂಗುಗುಂಡಿಗೆ ಇಳಿಯಲಿ. ನಮ್ಮ ಗಿರಣಿ, ಕಾರ್ಖಾನೆಗಳ ಹೊಲಸು ನೀರು ಶುದ್ಧವಾಗದೆ ಕೆರೆಯ ದಾರಿ ಹಿಡಿಯದಿರಲಿ. ಧರ್ಮಕಾರ್ಯಕ್ಕೆ ಕೊಡುವ ದೇಣಿಗೆಯು ಆ ಹೊಣೆಯನ್ನು ತೀರಿಸಲಾರದು. ಮಹಾವೀರ ಸ್ವಾಮಿಯ ನಿರ್ವಾಣವನ್ನು ಸ್ಮರಿಸುವ ದೀಪಾವಳಿಯಂದು ಪಟಾಕಿ ಸುಡದ ವ್ರತವನ್ನು ಮಕ್ಕಳು ಅತ್ತಿಬೆಲೆಯ ಹುಡುಗರನ್ನು ನೆನೆದು ಕೈಗೊಳ್ಳಲಿ. ವಾರ್ಷಿಕೋತ್ಸವದಂದು ದಾನಿಗಳೊಡನೆ ಬೀದಿಯ ಪೌರಕಾರ್ಮಿಕರನ್ನೂ ಹೆಸರು ಹಿಡಿದು ಕರೆದು ಟ್ರಸ್ಟುಗಳು ಗೌರವಿಸಲಿ, ಅವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಲಿ.

ನನ್ನ ಮೊಮ್ಮಗಳು ಹುಟ್ಟಿದ್ದು ಇಲ್ಲಿಯೇ. ಶಾಲೆಯಲ್ಲಿ ಊರಿನ ಹೆಸರನ್ನು ಕೇಳಿದರೆ ಅವಳು ತಡವರಿಸದೆ ಆನೇಕಲ್ ಎನ್ನುತ್ತಾಳೆ. ಅವಳಿಗೆ ಬಿಟ್ಟುಬಂದ ಊರಿಲ್ಲ, ಮರಳಿ ಹೋಗುವ ಊರೂ ಇಲ್ಲ. ಅವಳು ಸೇದಬೇಕಾದ ಬಾವಿ ಇದೊಂದೇ.