ಐದನೆಯ ದಿನದ ಆಶೀರ್ವಾದ

ಕೆಲವು ವರ್ಷಗಳ ಹಿಂದೆ, ಅಮೆರಿಕದ ಫ್ಲಾರಿಡಾದಲ್ಲಿ ನೆಲೆಸಿರುವ ಪರಿಚಿತ ಕುಟುಂಬವೊಂದು ನನ್ನನ್ನು ಒರ್ಲ್ಯಾಂಡೊ ನಗರದ ಸೀವರ್ಲ್ಡ್ ಉದ್ಯಾನಕ್ಕೆ ಕರೆದೊಯ್ದಿತು. 2009ರಲ್ಲಿ ಆರಂಭವಾದ 'ಮಾಂಟಾ' ಎಂಬ ರೋಲರ್ ಕೋಸ್ಟರ್ ಅಲ್ಲಿದೆ. ಅದು ಸವಾರರನ್ನು ತೊರಕೆ ಮೀನಿನಂತೆ ಬೋರಲಾಗಿಸಿ ಹಾರಿಸುತ್ತದೆ. ಅಂಜುತ್ತಲೇ ಏರಿದೆ; ಇಳಿದಾಗ ಮಕ್ಕಳಿಗಿಂತ ಹೆಚ್ಚು ನಕ್ಕವನು ನಾನೇ!

ಅನಂತರ ಓರ್ಕಾ ತಿಮಿಂಗಿಲಗಳ ಕೊಳದೆದುರು ಕುಳಿತೆವು. ಕಪ್ಪು-ಬಿಳುಪಿನ ಆ ಬೃಹತ್ ಜೀವಿ ನೀರಿನಿಂದ ಚಿಮ್ಮಿದಾಗ ನಾನೂ ಚಪ್ಪಾಳೆ ತಟ್ಟಿದೆ.

"ಫಾದರ್, ಇವಕ್ಕೆ ಇನ್ನು ಮರಿಗಳೇ ಆಗುವುದಿಲ್ಲವಂತೆ, ಹೌದೇ?" ಎಂದಳು ಮನೆಯ ಕಿರಿಯ ಮಗಳು.

ನಿಜವೇ. ಓರ್ಕಾಗಳ ಸಂತಾನೋತ್ಪತ್ತಿಯನ್ನು ನಿಲ್ಲಿಸುವುದಾಗಿ ಆ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಅಲ್ಲಿರುವವುಗಳೇ ಕೊನೆಯ ಪೀಳಿಗೆ.

ಆದಿಕಾಂಡದಲ್ಲಿ ದೇವರ ಮೊದಲ ಆಶೀರ್ವಾದ ದೊರೆತದ್ದು ಮಾನವನಿಗಲ್ಲ. ಐದನೆಯ ದಿನ, ಸಂತತಿ ಬೆಳೆದು ಸಮುದ್ರವನ್ನು ತುಂಬಿಕೊಳ್ಳಲೆಂದು ಜಲಚರಗಳನ್ನು, ಅವುಗಳೊಡನೆ ಪಕ್ಷಿಗಳನ್ನು ದೇವರು ಹರಸಿದರು. ಗುರುಮಠದಲ್ಲಿ ಪರೀಕ್ಷೆಗಾಗಿ ಓದಿದ್ದ ಈ ಮಾತು ಅಲ್ಲಿ ನನ್ನನ್ನು ಇರಿಯಿತು. ಕೊಳದಲ್ಲೇ ಹುಟ್ಟಿದವಕ್ಕೆ ಕಡಲಿನ ಬಾಳು ತಿಳಿಯದು; ಕೊಳದಲ್ಲಿ ಮತ್ತೆ ಮರಿ ಹಾಕಿಸುವುದೋ ಕ್ರೌರ್ಯ. ದೇವರ ಹರಕೆಯನ್ನು ತಡೆಹಿಡಿಯುವುದೇ ದಯೆ ಎನಿಸುವ ಸ್ಥಿತಿಗೆ ನಾವು ಅವುಗಳನ್ನು ತಂದಿದ್ದೇವೆ. ಟಿಕೆಟ್ ಹಿಡಿದು ಕುಳಿತ ನಾನೂ ಆ 'ನಾವು'ಗಳಲ್ಲಿ ಒಬ್ಬ.

"ಹೌದಮ್ಮಾ" ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ಮತ್ತೊಂದು ಓರ್ಕಾ ಮೇಲಕ್ಕೆ ಚಿಮ್ಮಿತು. ಸುತ್ತಲೂ ಚಪ್ಪಾಳೆ.